ಪೆಪ್ಪರಮೆಂಟ್ ಜಾಡಿಯ ಒಂದೆಲಗ

ಕುಣಿಗಲ್ಲಿನ ಮನೆಯಿಂದ ನನ್ನನ್ನು ತವರಿಗೆ ಕಳಿಸಿದ ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಅತ್ತೆ ಕುಂಕುಮವಿಟ್ಟು, ಹೊಸ ಸೀರೆ ಕೊಟ್ಟು, ಮಡಿಲು ತುಂಬಿ, "ಸ್ವಲ್ಪ ದಿನ ಇದ್ದು ಬಾರಮ್ಮ, ಮನಸ್ಸಿಗೂ ಹಗುರಾಗುತ್ತೆ" ಅಂದರು. ನನ್ನ ಗಂಡ ಬಸ್ಸಿನ ಮೇಲಕ್ಕೆ ಟ್ರಂಕು ಹತ್ತಿಸಿ, ನನ್ನ ಕಿಟಕಿಯ ಹತ್ತಿರ ಬಂದು ನಿಂತು, ಬಸ್ಸು ಹೊರಡುವವರೆಗೂ ಅದರ ಚಕ್ರವನ್ನೇ ನೋಡುತ್ತಿದ್ದರು. ಮದುವೆಯಾಗಿ ಐದಾರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ತುಮಕೂರಿಗೆ ಬಂದು ನಾನಿನ್ನೂ ಟ್ರಂಕಿನಿಂದ ಸೀರೆಗಳನ್ನು ತೆಗೆದಿಟ್ಟಿರಲಿಲ್ಲ, ಅಷ್ಟರಲ್ಲಿ ಸಿ.ಎಸ್. ಪುರದ ಕಡೆಯಿಂದ ಅವರಿಗೆ ಇನ್ನೊಂದು ಹೆಣ್ಣು ತಂದರೆಂಬ ಸುದ್ದಿ ಬಂತು. ಐವತ್ತರ ದಶಕದ ಮೊದಲ ವರ್ಷಗಳವು. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದೆಂಬ ಕಾನೂನು ಬಂದದ್ದು ಆಮೇಲೆ.

ಕುಣಿಗಲ್ಲಿಗೆ ಹೋಗಿ ಜಗಳವಾಡಿ ಬರುತ್ತೇನೆಂದು ಹೊರಟ ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ಸು ಬಂದರು. ಅಮ್ಮ ಅಳುತ್ತಲೇ ಅಡಿಗೆ ಮಾಡಿದಳು. ನನಗೆ ಅಳು ಬರಲಿಲ್ಲ. ಬರದೇ ಹೋಯಿತು, ಅಷ್ಟೆ.

ನಮ್ಮ ಮನೆ ಇದ್ದದ್ದು ಚಿಕ್ಕಪೇಟೆಯ ಒಂದು ಓಣಿಯಲ್ಲಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು. ಮುಂದೆ ಚರಂಡಿ, ಹಿಂದೆ ಬಚ್ಚಲು, ಬಚ್ಚಲ ಪಕ್ಕದಲ್ಲಿ ಪಾತ್ರೆ ತೊಳೆಯಲು ಚಪ್ಪಡಿ ಹಾಸಿದ ಒಂದು ಅಂಗೈಯಗಲದ ಜಾಗ, ಅದರಾಚೆ ಪಕ್ಕದವರ ಗೋಡೆ. ತುಳಸಿಯ ಕುಂಡ ಬಿಟ್ಟರೆ ಮಣ್ಣೆಂಬುದು ಮನೆಯಲ್ಲಿ ಎಲ್ಲೂ ಇರಲಿಲ್ಲ. ಕುಣಿಗಲ್ಲಿನಲ್ಲಿ ನನಗೊಂದು ಹಿತ್ತಿಲಿತ್ತು. ನಾನು ಹಾಕಿದ ಕನಕಾಂಬರ, ಡೇರೆ, ಬದನೆ, ಬಾವಿಕಟ್ಟೆಗೆ ಒರಗಿ ಬೆಳೆದ ಜಾಜಿ. ಬಿಟ್ಟುಬಂದದ್ದರಲ್ಲಿ ಗಂಡನಿಗಿಂತ ಆ ಹಿತ್ತಿಲೇ ಹೆಚ್ಚು ನೆನಪಾಗುತ್ತಿತ್ತು ಎಂದರೆ ಕೇಳಿದವರು ನನ್ನನ್ನು ಕಲ್ಲೆದೆಯವಳು ಅಂದಾರು. ಗಿಡಗಳಿಗೆ ಈಗ ಯಾರು ನೀರು ಹಾಕುತ್ತಾರೋ ಎಂದು ಯೋಚಿಸುವುದು ಸುಲಭವಾಗಿತ್ತು. ಉಳಿದದ್ದನ್ನು ಯೋಚಿಸುವುದು ಸುಲಭವಿರಲಿಲ್ಲ.

ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪುಟ್ಟ ಅಂಗಡಿ. ಮುಂದುಗಡೆ ಸಾಲಾಗಿ ಅಗಲ ಬಾಯಿಯ ಗಾಜಿನ ಜಾಡಿಗಳು, ಅವುಗಳಲ್ಲಿ ಪೆಪ್ಪರಮೆಂಟು, ಕಡಲೆಮಿಠಾಯಿ, ಬಿಸ್ಕತ್ತು. ಯಾವುದಾದರೊಂದರ ಬಾಯಿ ಮುಕ್ಕಾದರೆ ಅಪ್ಪ ಅದನ್ನು ಮನೆಗೆ ತರುತ್ತಿದ್ದರು. ಎಸೆಯಲು ಅವರಿಗೆ ಮನಸ್ಸು ಬಾರದು, ಅಂಗಡಿಗೆ ಅದು ಕೆಲಸಕ್ಕೆ ಬಾರದು. ಅಮ್ಮ ಅದನ್ನು ಬಚ್ಚಲ ಗೋಡೆಯ ಮೂಲೆಗೆ ತಳ್ಳುತ್ತಿದ್ದಳು.

ಆ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ಪಾತ್ರೆ ಉಜ್ಜುತ್ತಾ ಕೂತಿದ್ದವಳಿಗೆ ಅಂಥದೊಂದು ಜಾಡಿಯ ತಳದಲ್ಲಿ ಹಸಿರು ಕಂಡಿತು. ಗೋಡೆಯ ಗಾರೆ ಉದುರಿ, ಅದರ ಜೊತೆ ಮಣ್ಣು ಸೇರಿ, ಮೇಲೆ ಪಾಚಿ ಹಬ್ಬಿತ್ತು. ಪಾಚಿಯ ನಡುವೆ ಕಿರುಬೆರಳಿನ ಉಗುರಿನಷ್ಟು ಒಂದು ಜರೀಗಿಡ ತಲೆಯೆತ್ತಿತ್ತು. ಯಾರೂ ನೆಟ್ಟದ್ದಲ್ಲ. ಸೂರಿನಿಂದ ಜಾರಿದ ಹೆಂಚಿನ ಚೂರೊಂದು ಜಾಡಿಯ ಬಾಯಿಗೆ ಅಡ್ಡವಾಗಿ ಕೂತಿತ್ತು. ಒಳಗೆ ಗಾಜಿನ ಮೈಮೇಲೆಲ್ಲ ನೀರಿನ ಹನಿ.

ನಾನು ಅದನ್ನು ತೊಳೆದು ಒರೆಸಿ ನಡುಮನೆಗೆ ತಂದೆ.

"ಏನೇ ಅದು, ಆ ಕೊಳಕನ್ನೆಲ್ಲ ಒಳಗೆ ತರ್ತೀಯಾ?" ಅಮ್ಮ ಅಡಿಗೆಮನೆಯಿಂದಲೇ ಕೇಳಿದಳು.

"ನೋಡಮ್ಮ, ಜರೀಗಿಡ."

"ಗೋಡೆ ಮೇಲೆಲ್ಲ ಇದೆಯಲ್ಲೇ. ಅದೇನ್ ನೋಡೋದು?"

ಆದರೂ ಎಸಿ ಅನ್ನಲಿಲ್ಲ. ನಾನು ತವರಿಗೆ ಬಂದಮೇಲೆ ಬೇಕು ಅಂದ ಮೊದಲ ವಸ್ತು ಅದು ಎಂಬುದು ಅವಳಿಗೆ ಗೊತ್ತಾಗಿರಬೇಕು.

ಜಾಡಿಯಲ್ಲಿ ತೋಟ ಮಾಡುವುದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ದಸರಾ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವಳಿಗೆ ಅರ್ಧ ಕೆಲಸ ತಾನಾಗಿ ಕೈಗೆ ಬಂದಿರುತ್ತದೆ. ಗೊಂಬೆಗಳ ಮುಂದೆ ರಾಗಿ ಮೊಳೆಸಿ ಪಾರ್ಕು ಮಾಡುತ್ತಿದ್ದೆವು. ಒಡೆದ ಕನ್ನಡಿಯ ಚೂರು ಕೆರೆ, ಜರಡಿ ಹಿಡಿದ ಮರಳು ದಾರಿ, ಬೆಣಚುಕಲ್ಲು ಬೆಟ್ಟ. ಹಬ್ಬ ಮುಗಿಯುವಷ್ಟರಲ್ಲಿ ರಾಗಿಪೈರು ಹಳದಿಯಾಗಿ ಮಲಗಿಬಿಡುತ್ತಿತ್ತು. ಜಾಡಿಯೊಳಗಿನದು ಮಲಗುವುದಿಲ್ಲ, ಅದೇ ನನಗೆ ಹಿಡಿಸಿದ್ದು.

ಸುಲಭಕ್ಕೇನೂ ಕೈಗೂಡಲಿಲ್ಲ. ಗಿಡವೆಂದ ಮೇಲೆ ಬಿಸಿಲು ಬೇಡವೇ ಎಂದು ಮುಂದಿನ ಜಗಲಿಯ ಮೇಲಿಟ್ಟದ್ದು ಒಂದೇ ಮಧ್ಯಾಹ್ನದಲ್ಲಿ ಬೆಂದ ಸೊಪ್ಪಾಯಿತು. ಇನ್ನೊಂದಕ್ಕೆ ನೀರು ಹೆಚ್ಚಾಗಿ ಬೂಷ್ಟು ಹಿಡಿದು ನಾತ ಹೊಡೆಯಿತು. ಅದನ್ನು ಮೂಸಿ ನೋಡಿದ ಅಮ್ಮ ಮೂಗು ಮುಚ್ಚಿಕೊಂಡೇ, "ತಳಕ್ಕೆ ಇದ್ದಿಲು ಹಾಕೇ. ಕುಡಿಯೋ ನೀರು ವಾಸನೆ ಬಂದ್ರೆ ಹಾಕಲ್ವಾ, ಹಂಗೆ" ಅಂದಳು. ಅಲ್ಲಿಂದ ದಾರಿ ಸಿಕ್ಕಿತು. ತಳಕ್ಕೆ ಒಲೆಯ ಇದ್ದಿಲು ಕುಟ್ಟಿ ಒಂದು ಪದರ, ಅದರ ಮೇಲೆ ಮರಳು, ಅದರ ಮೇಲೆ ಎಲೆಗೊಬ್ಬರ ಬೆರೆಸಿದ ಮಣ್ಣು, ಕೊನೆಗೆ ಪಾಚಿಯ ಹೊದಿಕೆ. ಕೈ ಹೋಗದ ಜಾಡಿಗೆ ಬಿದಿರುಕಡ್ಡಿಗೆ ಚಮಚ ಕಟ್ಟಿಕೊಂಡೆ. ಬೇರು ಕೂರಿಸಲು ತಲೆಗೆ ಸಿಕ್ಕಿಸುವ ಪಿನ್ನು. ನೀರು ಒಂದು ಬಾರಿ ಸಣ್ಣಗೆ ಚಿಮುಕಿಸಿ ಬಾಯಿಗೆ ಗಾಜಿನ ಬಿಲ್ಲೆ ಮುಚ್ಚಿದರೆ ಮತ್ತೆ ವಾರಗಟ್ಟಲೆ ಕೇಳುವುದಿಲ್ಲ. ಒಳಗಿನ ನೀರೇ ಆವಿಯಾಗಿ ಗಾಜಿಗೇರಿ, ಹನಿಯಾಗಿ ಇಳಿದು, ಮತ್ತೆ ಬೇರಿಗೆ ಹೋಗುತ್ತದೆ.

ಗುಬ್ಬಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅವರ ಬಾವಿಯ ಒಳಗೋಡೆಯಲ್ಲಿ ಮಖಮಲ್ಲಿನಂಥ ಪಾಚಿ ಇರುತ್ತಿತ್ತು. ಹೋದಾಗಲೆಲ್ಲ ಮೆಟ್ಟಿಲಿಳಿದು ಬಾಳೆಪಟ್ಟೆಯಲ್ಲಿ ಅದನ್ನು ಎಬ್ಬಿಸಿಕೊಂಡು ಬರುತ್ತಿದ್ದೆ. ದೇವರಾಯನದುರ್ಗಕ್ಕೆ ಹೋದವರು ಬಂಡೆಯ ಸಂದಿನ ಜರೀಗಿಡ ತಂದುಕೊಡುತ್ತಿದ್ದರು. ನಡುಮನೆಯ ಗೂಡು, ಕಿಟಕಿಯ ಕಟ್ಟೆ, ಅಕ್ಕಿ ಡಬ್ಬದ ಮುಚ್ಚಳ, ಎಲ್ಲೆಲ್ಲೂ ಜಾಡಿಗಳಾದವು. ಅಪ್ಪ ಅಂಗಡಿಯಿಂದ ಒಡೆಯದ ಜಾಡಿಗಳನ್ನೂ ತರತೊಡಗಿದರು. "ಇದರ ಬಾಯಿ ಸರಿ ಇಲ್ಲ" ಅನ್ನುವರು. ನಾನು ಬೆರಳಾಡಿಸಿ ನೋಡಿದರೆ ಎಲ್ಲ ಸರಿಯೇ ಇರುತ್ತಿತ್ತು.

ಮಧ್ಯಾಹ್ನ ಅಮ್ಮ ಅಡ್ಡಾದ ಮೇಲೆ ನಾನು ಅವುಗಳ ಮುಂದೆ ಕೂರುತ್ತಿದ್ದೆ. ಜರಿಯ ಹೊಸ ಎಲೆ ಸುರುಳಿ ಸುತ್ತಿಕೊಂಡೇ ಹುಟ್ಟುತ್ತದೆ. ನಿನ್ನೆ ಬಿಗಿಯಾಗಿದ್ದದ್ದು ಇವತ್ತು ಅರ್ಧ ಬಿಚ್ಚಿರುತ್ತದೆ. ಒಂದು ಜಾಡಿಯಲ್ಲಿ ಗುಬ್ಬಿಯ ಪಾಚಿಯ ಜೊತೆ ಬಂದ ಬಸವನಹುಳು ಒಂದು ವರ್ಷ ಬದುಕಿತ್ತು. ಗಾಜಿನ ಮೇಲೆ ಅದು ಹತ್ತುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹೊತ್ತು ಹೋಗುವುದೇ ಆಗ ನನಗೆ ಬೇಕಾಗಿದ್ದದ್ದು.

ಓಣಿಯ ಹೆಂಗಸರು ನೋಡಲು ಬರತೊಡಗಿದರು. ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯಲು ಹಿಂದುಮುಂದು ನೋಡುತ್ತಿದ್ದವರು ಜಾಡಿ ನೋಡಲು ಮಾತ್ರ ಧಾರಾಳವಾಗಿ ಬಂದರು. ಎದುರುಮನೆಯಾಕೆ ತನಗೊಂದು ಬೇಕೇ ಬೇಕೆಂದು ಹಟ ಹಿಡಿದಳು. ಒಳ್ಳೆಯ ಜಾಡಿ ಆರಿಸಿ, ಕನ್ನಡಿಯ ಕೆರೆಯಿಟ್ಟು, ಅದರ ದಂಡೆಗೆ ನೀರುಕಡ್ಡಿ ಗಿಡ ನೆಟ್ಟು ಕೊಟ್ಟೆ. ಆಕೆಯ ಮಗಳು ಹೆರಿಗೆಗೆ ಬಂದ ವಾರದಲ್ಲಿ ಆ ಜಾಡಿ ಸೆರಗಿನ ಮರೆಯಲ್ಲಿ ವಾಪಸ್ಸು ಬಂತು.

"ತಪ್ಪು ತಿಳ್ಕೋಬೇಡ ಕಣೇ. ಮಗಳ ಅತ್ತೆ ಬಂದವ್ರೆ. ಯಾರು ಮಾಡ್ಕೊಟ್ಟಿದ್ದು ಅಂತ ಕೇಳಿದ್ರು, ಹೇಳ್ಬಿಟ್ಟೆ. ಬಸುರಿ ಇರೋ ಮನೇಲಿ ಬೇಡ ಅಂತ..."

ನಾನು ಜಾಡಿ ತೆಗೆದುಕೊಂಡು ಒಳಗಿಟ್ಟೆ. ಅವಳು ಹೋದಮೇಲೆ ಅಮ್ಮ ಬಾಗಿಲು ಹಾಕಿಕೊಂಡು, ಅದಕ್ಕೆ ಬೆನ್ನು ಕೊಟ್ಟು ಎಷ್ಟೋ ಹೊತ್ತು ನಿಂತಿದ್ದಳು.

ಹೀಗೆ ಕೆಲವು ವರ್ಷ. ಕುಣಿಗಲ್ಲಿನಿಂದ ಸುದ್ದಿಗಳು ಮಾತ್ರ ಬರುತ್ತಿದ್ದವು. ಆ ಹುಡುಗಿಗೆ ಬಹಳ ಕಾಲ ಕಾದಮೇಲೆ ಹೆಣ್ಣುಮಗು ಆಯಿತಂತೆ. ಮತ್ತೆ ಬಸುರಿಯಂತೆ. ಎರಡನೆಯ ಕೂಸು ಉಳಿಯಲಿಲ್ಲವಂತೆ. ಆಮೇಲೊಂದು ಬೆಳಿಗ್ಗೆ ನನ್ನ ಅತ್ತೆಯೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ವಯಸ್ಸಾಗಿಹೋಗಿತ್ತು.

"ಅವಳಿಗೆ ಏಳಕ್ಕಾಗ್ತಿಲ್ಲ" ಅಂದರು, ಚಾಪೆಯ ಅಂಚಿನಲ್ಲಿ ಕೂತು. "ಹೆರಿಗೆ ಆದಾಗಿಂದ ಕಾಲು ಊದ್ಕೊಂಡು, ಉಸಿರು ಕಟ್ಕೊಂಡು... ಎದೆ ವೀಕಾಗಿದೆ ಅಂದವ್ರೆ ಡಾಕ್ಟ್ರು. ನನ್ ಕೈಲೂ ಆಗಲ್ಲ ಈಗ. ಮಗು ನೋಡ್ಕೊಳ್ಳೋರಿಲ್ಲ. ಅದು ನಿನ್ ಮನೆ ತಾನೇನಮ್ಮ?"

ಅಪ್ಪ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟಿದ್ದವರು ಹಾಗೇ ನಿಂತರು. "ಆವತ್ತು ಅವಳ ಮನೆ ಆಗಿರ್ಲಿಲ್ವಾ?"

ಅತ್ತೆ ಬಾಳೆಹಣ್ಣಿನ ಚಿಪ್ಪನ್ನು ಚಾಪೆಯ ಮೇಲಿಟ್ಟರು. ಅಮ್ಮ ನನ್ನ ಮುಖ ನೋಡಿದಳು. ನಾನು "ಬರ್ತೀನಿ" ಅಂದೆ. ಯಾಕೆ ಅಂದೆನೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಒಳ್ಳೆಯತನವೆಂದು ಜನ ಅಂದುಕೊಂಡರು. ನನ್ನ ಜಾಗದಲ್ಲಿ ಮಲಗಿದವಳ ಮುಖ ನೋಡಬೇಕೆಂಬ ಆಸೆಯೂ ಅದರಲ್ಲಿತ್ತು.

ಹೊರಡುವಾಗ ಒಂದು ಜಾಡಿಯನ್ನು ಜೊತೆಗೆ ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದೆ. ಹೆಬ್ಬೂರಿನಲ್ಲಿ ಹತ್ತಿದ ಒಬ್ಬ ಮುದುಕ ಪಕ್ಕದ ಸೀಟಿನಲ್ಲಿ ಕೂತು ಬಗ್ಗಿ ನೋಡಿದ.

"ಯಾವ್ ಉಪ್ಪಿನಕಾಯವ್ವ ಅದು?"

"ಉಪ್ಪಿನಕಾಯಲ್ಲ ತಾತ, ಗಿಡ."

"ಗಿಡಾನ?" ಅವನು ಇಡೀ ಬಸ್ಸಿಗೆ ಕೇಳುವಂತೆ ಅಂದ: "ನೋಡ್ರಪ್ಪೋ, ತುಮಕೂರ್ನೋರು ಗಿಡಾನೂ ಜಾಡೀಲಿ ಕೂಡಾಕವ್ರೆ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನೂ ನಕ್ಕೆ.

ಕುಣಿಗಲ್ಲಿನ ಮನೆಯಲ್ಲಿ ಅವಳು ಮೊದಲು ನಾನಿದ್ದ ಕೋಣೆಯಲ್ಲೇ ಇದ್ದಳು. ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ದಿಂಬುಗಳ ಮೇಲೆ ದಿಂಬು ಒಟ್ಟಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಇಪ್ಪತ್ತೈದೂ ತುಂಬಿದ ಹಾಗೆ ಕಾಣಲಿಲ್ಲ. ನನ್ನನ್ನು ಕಂಡದ್ದೇ ಕಾಲು ಮುಟ್ಟಲೆಂದು ಮಂಚದಿಂದ ಇಳಿಯಹೋದಳು.

"ಏಳ್ಬೇಡ, ಏಳ್ಬೇಡ" ಎಂದು ಭುಜ ಹಿಡಿದೆ. ಭುಜದಲ್ಲಿ ಬರೀ ಮೂಳೆ. ಕಾಲು ಮಾತ್ರ ಬೆಲ್ಲದ ಅಚ್ಚಿನ ಹಾಗೆ ಊದಿತ್ತು.

"ನೀವು ಬರಲ್ಲ ಅನ್ಕೊಂಡಿದ್ದೆ ಅಕ್ಕ" ಅಂದಳು. ನಾಲ್ಕು ಮಾತಿಗೆ ಒಂದು ಸಲ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂರು ವರ್ಷದ ಮಗು ಮಂಚದ ಕಾಲಿನ ಹಿಂದೆ ಅವಿತುಕೊಂಡು ನನ್ನನ್ನಲ್ಲ, ಜಾಡಿಯನ್ನು ನೋಡುತ್ತಿತ್ತು.

ಜಾಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಗಾಳಿಗೆ ಬಿಲ್ಲೆ ಅಲುಗದಂತೆ ಮೇಲೊಂದು ನುಣುಪು ಕಲ್ಲು. ಅವಳು ಬಹಳ ಹೊತ್ತು ನೋಡಿ, "ಇದಕ್ಕೆ ಉಸಿರು ಕಟ್ಟಲ್ವಾ ಅಕ್ಕ?" ಎಂದು ಕೇಳಿದಳು.

"ಕಟ್ಟಲ್ಲ. ಅದ್ರ ಗಾಳಿ ಅದ್ರೊಳಗೇ ಇರುತ್ತೆ."

ಅವಳಿಗೆ ಸಮಾಧಾನವಾಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಮಗುವಿನ ಕೈಯಲ್ಲಿ ಮುಚ್ಚಳ ತೆಗೆಸಿ, ತಾನು ಕಾಫಿ ಕುಡಿದು ಮುಗಿಸುವವರೆಗೂ ಜಾಡಿಯ ಬಾಯಿ ತೆರೆದಿಡಿಸುತ್ತಿದ್ದಳು. ಗಿಡಕ್ಕೆ ಅದರಿಂದ ಕೆಡುಕೇನೂ ಆಗಲಿಲ್ಲ. ಮಗುವಿಗೆ ಅದೇ ದೊಡ್ಡ ಕೆಲಸವಾಯಿತು. ಆ ಕೆಲಸದ ನೆವದಲ್ಲೇ ಅದು ನನ್ನ ಹತ್ತಿರ ಬಂದದ್ದು, ದೊಡ್ಡಮ್ಮ ಅಂದದ್ದು, ನನ್ನ ಪಕ್ಕದಲ್ಲಿ ಮಲಗಲು ಕಲಿತದ್ದು.

ನನ್ನ ಗಂಡ ತೋಟದಿಂದ ಬಂದು ಕೋಣೆಯ ಹೊಸಿಲಲ್ಲಿ ನಿಲ್ಲುತ್ತಿದ್ದರು. ಇಬ್ಬರು ಹೆಂಡತಿಯರಿರುವ ಕೋಣೆಗೆ ಹೇಗೆ ಕಾಲಿಡಬೇಕೆಂದು ತಿಳಿಯದವರ ಹಾಗೆ. ನಾನು ಅವರನ್ನು ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಹುತ್ರಿದುರ್ಗಕ್ಕೆ ಕರೆದುಕೊಂಡು ಹೋಗಿ, ಕೋಟೆಯ ಬಂಡೆಯ ಮೇಲೆ ಕೂರಿಸಿ, ಕೆಳಗಿನ ಊರುಗಳನ್ನು ಒಂದೊಂದಾಗಿ ತೋರಿಸಿದ್ದರು. ಆ ಮನುಷ್ಯ ಇವರೇ ಎಂದು ನಂಬುವುದು ಕಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಿದ್ದಾಗ ಅವಳಾಗಿ ಹೇಳಿದಳು. "ನೀವಿದೀರಿ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ. ಮೊದಲ್ನೇದು ತೀರ್ಕೊಂಡವ್ಳೆ ಅಂದಿದ್ರು ನಮ್ಮಪ್ಪನಿಗೆ. ಇಲ್ಲಿಗ್ ಬಂದ್ಮೇಲೆ, ಹಿತ್ಲಲ್ಲಿ ಕನಕಾಂಬರ ಕೀಳ್ತಾ, ಯಾರ್ ಹಾಕಿದ್ದು ಇಷ್ಟ್ ಚೆನ್ನಾಗಿ ಅಂತ ಕೇಳ್ದೆ. ಕೆಲಸ್ದೋಳು ಹೇಳ್ಬಿಟ್ಲು."

ನನ್ನ ಕೈ ನಿಂತಿತು. ಅವಳು ಅಳುತ್ತಿದ್ದಳು. ಅಳುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅವಳ ಕಣ್ಣೊರೆಸುವಾಗ ನನಗೂ ಅಳು ಬಂತು. ತವರಿಗೆ ಹೋದ ದಿನ ಬರದೇ ಇದ್ದದ್ದೆಲ್ಲ ಅವತ್ತು ಬಂತು.

ಆಮೇಲೆ ನಮ್ಮ ನಡುವೆ ಬಿಗುವೇನೂ ಉಳಿಯಲಿಲ್ಲ. ಅವಳು ತನ್ನೂರಿನ ಕೆರೆಯ ವಿಷಯ ಹೇಳುತ್ತಿದ್ದಳು. ಕೋಡಿಯ ಹತ್ತಿರ ತೇವದ ನೆಲದಲ್ಲಿ ಒಂದೆಲಗ ಹೇಗೆ ಚಾಪೆಯಂತೆ ಹಾಸಿಕೊಂಡಿರುತ್ತದೆ, ಸ್ಕೂಲಿನಿಂದ ಬರುವಾಗ ಲಂಗದ ತುಂಬ ಕಿತ್ತು ತಂದರೆ ಅವಳಮ್ಮ ಹೇಗೆ ಚಟ್ನಿ ಅರೆಯುತ್ತಿದ್ದಳು.

"ಅದು ಜಾಡೀಲಿ ಬರುತ್ತಾ ಅಕ್ಕ?"

"ನೋಡಾಣ. ಬೇರು ಸಮೇತ ಸಿಕ್ಕಿದ್ರೆ."

ಅವಳ ಅಪ್ಪ ರಾಗಿ ಹೊಲದ ರೈತ. ಮಗಳನ್ನು ನೋಡಲು ಆಗಾಗ ಬಂದು, ಗೋಡೆಗೆ ಒರಗಿ ಕೂತು, ಅವಳ ಮುಖವನ್ನೇ ಒಂದಷ್ಟು ಹೊತ್ತು ನೋಡಿ ಹೋಗುವವರು. ಮುಂದಿನ ಸಲ ಬಂದಾಗ ಒದ್ದೆ ಗೋಣಿತಾಟಿನಲ್ಲಿ ಒಂದೆಲಗದ ಬಳ್ಳಿಯನ್ನು ಕೆರೆಯ ಮಣ್ಣು ಸಮೇತ ಸುತ್ತಿ ತಂದಿದ್ದರು. ಅಷ್ಟು ದೂರ, ಬಸ್ಸು ಬದಲಾಯಿಸಿ, ಮೊಣಕಾಲ ಮೇಲಿಟ್ಟುಕೊಂಡು.

ನನ್ನ ಗಂಡ ಅಂಗಡಿಬೀದಿಯಿಂದ ಒಂದು ಪೆಪ್ಪರಮೆಂಟ್ ಜಾಡಿ ತಂದರು. ಫೋಟೋಗೆ ಕಟ್ಟು ಹಾಕುವವನ ಹತ್ತಿರ ಬಾಯಿಯ ಅಳತೆಗೆ ಗಾಜು ಕೊಯ್ಯಿಸಿಕೊಂಡೂ ಬಂದರು. ಮಂಚದ ಮೇಲೆ ಹಿತ್ತಾಳೆ ಹರಿವಾಣವಿಟ್ಟು, ಅದರಲ್ಲಿ ಇದ್ದಿಲು, ಮರಳು, ಮಣ್ಣು ಹರವಿಕೊಂಡು ನಾವು ಕೂತೆವು. ನಾನು ಹೇಳಿದೆ, ಅವಳು ಮಾಡಿದಳು. ಒಂದು ಚಮಚ ಮಣ್ಣು ಹಾಕಿ ದಿಂಬಿಗೆ ಒರಗಿ ಸುಧಾರಿಸಿಕೊಳ್ಳುವಳು, ಮತ್ತೆ ಏಳುವಳು. ನಾನು ಮಾಡಲಾ ಅಂದರೆ ಬೇಡ ಅನ್ನುವಳು. ಮಗು ಮುಚ್ಚಳದ ಮೇಲಿಡಲು ಕಲ್ಲು ಆರಿಸಿ ಕೊಟ್ಟಿತು. ಕನ್ನಡಿಯ ಚೂರನ್ನು ಇಟ್ಟು ಅದರ ಸುತ್ತ ಒಂದೆಲಗ ನೆಟ್ಟಮೇಲೆ, ದಂಡೆಯ ಮೇಲೆ ಗೊಂಬೆ ಹಬ್ಬದ ಮಣ್ಣಿನ ಪುಟ್ಟ ಮನೆಯೊಂದನ್ನು ಇಡೋಣವೇ ಎಂದೆ.

"ಮನೆ ಬೇಡ ಅಕ್ಕ. ಕೆರೆ ಸಾಕು."

ಒಂದೆಲಗ ಹತ್ತಿತು. ಕಾಲು ಉದ್ದ ಮಾಡಿಕೊಂಡು ಗಾಜಿಗೆ ತಾಗಿ ಬೆಳೆಯಿತು. ಮಗು ಅದಕ್ಕೆ ಅಮ್ಮನ ಕೆರೆ ಎಂದು ಹೆಸರಿಟ್ಟಿತು. ಅವಳು ಅದನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡಿಸಿಕೊಂಡಳು. ಕೆಲವು ಸಲ ಮಾತು ಬೇಡವಾದಾಗ ಅತ್ತ ತಿರುಗಿ ಬೆರಳಿಂದ ಗಾಜಿನ ಮೇಲಿನ ಹನಿಗಳನ್ನು ಹೊರಗಡೆಯಿಂದ ಒರೆಸುತ್ತಿದ್ದಳು. ಹನಿ ಒಳಗಿತ್ತು, ಹೋಗುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ ಅವಳು ಹೋದಳು. ಬೆಳಿಗ್ಗೆ ಮುಖ ತೊಳೆಸಿ, ಜಡೆ ಹಾಕುತ್ತಿದ್ದೆ. "ಅಕ್ಕ, ಸ್ವಲ್ಪ ಮೇಲಕ್ಕೆ" ಅಂದಳು. ದಿಂಬು ಸರಿಮಾಡಿ, ಎತ್ತಿ ಕೂರಿಸಿದೆ. ತಲೆ ನನ್ನ ಭುಜದ ಮೇಲೆ ಬಂತು. ಅಷ್ಟೆ. ಜಡೆ ಅರ್ಧಕ್ಕೇ ನಿಂತಿತ್ತು. ಹೆಂಗಸರು ಬರುವ ಮೊದಲು ಅದನ್ನು ಪೂರ್ತಿ ಹೆಣೆದು ಮುಗಿಸಿದೆ.

ಕರ್ಮಾಂತರಕ್ಕೆ ಸಿ.ಎಸ್. ಪುರದಿಂದ ಅವಳ ಕಡೆಯವರು ಬಂದರು. ಅವಳ ಅಮ್ಮ, ಅಪ್ಪ, ಅಪ್ಪನ ಅಕ್ಕ, ಇನ್ನೂ ಕೆಲವರು. ನಾನು ಅಡಿಗೆಯ ಕೆಲಸದಲ್ಲಿದ್ದೆ. ಕೋಣೆಯಿಂದ ಒಂದು ಕೂಗು ಕೇಳಿ ಓಡಿದೆ. ಅವಳ ಸೋದರತ್ತೆ ಆ ಜಾಡಿಯನ್ನು ಎತ್ತಿ ಹಿಡಿದಿದ್ದಳು.

"ಏನಿದು? ಬೇರೈತೆ, ಕೂದ್ಲಿದ್ದಂಗೈತೆ, ಕನ್ನಡಿ ಹಾಕೈತೆ! ಮ್ಯಾಲೆ ಕಲ್ಲೇರ್ಸಿ ಮಂಚದ ಪಕ್ಕಾನೇ ಮಡಗವ್ಳೆ! ಮಕ್ಕಳಿಲ್ದೋಳು ಅಷ್ಟ್ ದೂರದಿಂದ ಸುಮ್ನೆ ಬಂದವ್ಳಾ ಸೇವೆ ಮಾಡಕ್ಕೆ?"

ಕೂದಲಿನಂತೆ ಇದ್ದದ್ದು ಪಾಚಿ. ನಾನು ಹೇಳಿದೆ. "ಅದು ತೋಟ. ಅವಳೇ ಕೂತ್ಕೊಂಡು ನೆಟ್ಟಿದ್ದು. ಗಿಡ ತಂದ್ಕೊಟ್ಟಿದ್ದು ಅವಳ ಅಪ್ಪಾನೇ. ಕೇಳಿ ಅವ್ರನ್ನ."

ಎಲ್ಲರೂ ಆ ಮನುಷ್ಯನ ಕಡೆ ತಿರುಗಿದರು. ಅವರು ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ನನ್ನ ಗಂಡನ ಕಡೆ ನೋಡಿದೆ. ಗಾಜು ಕೊಯ್ಯಿಸಿಕೊಂಡು ಬಂದವರು ಅವರು. ನೆಲ ನೋಡುತ್ತಿದ್ದರು. ಅತ್ತೆ, "ನಂಗೇನೂ ಗೊತ್ತಿಲ್ಲಪ್ಪ" ಎಂದು ಒಳಗೆ ಹೋದರು.

ಆ ಹೆಂಗಸು ಜಾಡಿಯನ್ನು ಹಿತ್ತಿಲಿಗೆ ಒಯ್ದು ಒಗೆಯುವ ಕಲ್ಲಿನ ಮೇಲೆ ಒಡೆದಳು. ಮಗು "ಅಮ್ಮನ ಕೆರೆ, ಅಮ್ಮನ ಕೆರೆ" ಎಂದು ಕಿರುಚುತ್ತಾ ಓಡಿತು. ಗಾಜು ತುಳಿದೀತೆಂದು ನಾನು ಎತ್ತಿಕೊಳ್ಳಹೋದರೆ ಮಗುವಿನ ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡಳು. ಕಿಟಕಿಯ ಕಟ್ಟೆಯ ಮೇಲಿದ್ದ ಇನ್ನೊಂದೂ ಹಾಗೇ ಹೋಯಿತು. ಒಂದೆಲಗದ ಬಳ್ಳಿ ಒಗೆಯುವ ನೀರಿನಲ್ಲಿ ಚರಂಡಿಯ ಕಡೆ ಹರಿದುಹೋಗುವುದನ್ನು ನೋಡಿದೆ.

ಮಾರನೆಯ ದಿನ ಮಗುವನ್ನು ಕರೆದುಕೊಂಡು ಹೋದರು. ತಡೆಯಲು ನಾನು ಯಾರು? ಹೆತ್ತವಳಲ್ಲ. ಮಗುವಿನ ಲಂಗಗಳನ್ನು ಮಡಿಸಿ ಚೀಲಕ್ಕೆ ತುಂಬಿದೆ. ಅದು ಅಜ್ಜಿಯ ಹೆಗಲ ಮೇಲಿಂದ ನನ್ನ ಕಡೆ ಕೈ ಚಾಚಿ, "ದೊಡ್ಡಮ್ಮನೂ ಬರ್ಲಿ" ಎಂದು ಬೀದಿಯ ತಿರುವಿನವರೆಗೂ ಕೂಗುತ್ತಲೇ ಹೋಯಿತು.

ಅವತ್ತು ಸಂಜೆಯೇ ನಾನು ಟ್ರಂಕು ಕಟ್ಟಿದೆ. ಎಷ್ಟೋ ವರ್ಷಗಳ ಮೇಲೆ ನನ್ನ ಗಂಡ ನಾನಿದ್ದ ಕೋಣೆಯ ಒಳಗೆ ಬಂದು ನಿಂತರು.

"ಇರು" ಅಂದರು. "ಇನ್ನು ಯಾರಿದಾರೆ ಇಲ್ಲಿ."

"ನಿನ್ನೆ ಯಾಕೆ ಮಾತಾಡ್ಲಿಲ್ಲ?"

ಅವರು ಬಗ್ಗಿ ಟ್ರಂಕಿನ ಕೊಂಡಿ ಮುಟ್ಟಿ ನೋಡಿದರು.

"ಅಷ್ಟ್ ಜನದ ಮುಂದೆ ಒಂದು ಮಾತು. ನಾನೇ ಗಾಜು ತಂದ್ಕೊಟ್ಟೆ ಅಂತ. ಅಷ್ಟು ಹೇಳಿದ್ರೆ ಮಗು ಇಲ್ಲೇ ಇರ್ತಿತ್ತೇನೋ."

"ಆ ಹೊತ್ನಲ್ಲಿ..." ಎಂದು ಶುರುಮಾಡಿದರು. ಬೆಳಿಗ್ಗೆ ಅವರೇ ನನ್ನ ಟ್ರಂಕನ್ನು ಹೊತ್ತು ತಂದು ಬಸ್ಸಿಗೆ ಹತ್ತಿಸಿದರು. ಈ ಸಲ ನಾನೇ ಕಿಟಕಿಯಿಂದ ಮುಖ ತಿರುಗಿಸಿದ್ದೆ. ಆಮೇಲೆ ನಾವು ಒಟ್ಟಿಗೆ ಬಾಳಲಿಲ್ಲ.

ತುಮಕೂರಿನ ಮನೆಯಲ್ಲಿ ನನ್ನ ಜಾಡಿಗಳೆಲ್ಲ ಇದ್ದಲ್ಲೇ ಇದ್ದವು, ಒಂದೂ ಒಣಗಿರಲಿಲ್ಲ. ಅಮ್ಮ ದಿನಾ ಧೂಳು ಒರೆಸುತ್ತಿದ್ದಳಂತೆ. "ಅವೇನು ಕೇಳ್ತವೆ, ಅನ್ನ ಕೇಳ್ತವಾ, ನೀರು ಕೇಳ್ತವಾ? ಇದ್ವು ಅವುಗಳ ಪಾಡಿಗೆ" ಅಂದಳು. ನಡೆದದ್ದನ್ನು ನಾನು ಹೇಳಿದಾಗ ಅಪ್ಪ ಎದ್ದು ಅಂಗಡಿಗೆ ಹೋದರು. ಅಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕೂತಿದ್ದಳು. ನಾನು ಹೊಲಿಗೆ ಕಲಿತೆ, ಆಮೇಲೆ ಹುಡುಗಿಯರಿಗೆ ಕಲಿಸಿದೆ. ಜಾಡಿಯ ತೋಟಗಳನ್ನೂ ಮಾಡಿದೆ. ಯಾರಾದರೂ ಕೇಳಿದರೆ ನೋಡಿ ಸಂತೋಷಪಡಲಿ ಎಂದು ತೋರಿಸುತ್ತಿದ್ದೆ, ಮನೆಗೆ ಮಾತ್ರ ಕೊಡುತ್ತಿರಲಿಲ್ಲ. ಒಂದೆಲಗ ಮತ್ತೆ ನೆಡಲಿಲ್ಲ. ಅದನ್ನು ಮಾರುವವಳು ಓಣಿಯಲ್ಲಿ ಕೂಗಿಕೊಂಡು ಬಂದರೆ ಒಳಗೆ ಹೋಗಿಬಿಡುತ್ತಿದ್ದೆ.

ಅರವತ್ತರ ದಶಕ ಮುಗಿಯುತ್ತಿದ್ದಾಗ ಗುಬ್ಬಿಗೆ ಒಂದು ಮದುವೆಗೆ ಹೋಗಿದ್ದೆ. ವಾಪಸ್ಸು ಬರಲು ಬಸ್ಸಿಗೆ ನಿಂತಿದ್ದಾಗ ಒಬ್ಬ ಮುದುಕ ನನ್ನನ್ನೇ ನೋಡುತ್ತಾ ಹತ್ತಿರ ಬಂದ. ಜೊತೆಯಲ್ಲಿ ಎರಡು ಜಡೆಯ, ಹೆಗಲಿಗೆ ಸ್ಕೂಲಿನ ಚೀಲ ಹಾಕಿಕೊಂಡ ಹುಡುಗಿ. ಮುಖ ಅವಳಮ್ಮನದೇ. ಮುದುಕ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಚೆನ್ನಾಗಿದೀರಾ ಅವ್ವ?" ಅಂದರು. ಹುಡುಗಿಯನ್ನು ಶೇಂಗಾ ತರಲು ಅತ್ತ ಕಳಿಸಿ, ದನಿ ತಗ್ಗಿಸಿದರು. "ನಂಗೆ ಗೊತ್ತಿತ್ತು ಕಣವ್ವ. ನಾನೇ ತಂದಿದ್ದು ಆ ಒಂದೆಲಗ. ನಮ್ಮಕ್ಕನ ಮುಂದೆ, ಅಷ್ಟು ಜನ್ರ ಮುಂದೆ ಬಾಯೇ ಬರ್ಲಿಲ್ಲ. ಮಗ್ಳು ಹೋಗಿದ್ಲು, ಕೂಸಾದ್ರೂ ನಮ್ಮತ್ರ ಇರ್ಲಿ ಅನ್ನೋ ಆಸೆನೂ ಇತ್ತು. ಸುಳ್ಳ್ಯಾಕೆ ಹೇಳ್ಲಿ."

ಬೈಯಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರು ಅವತ್ತಿನ ಹಾಗೇ ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. "ಬಿಡಿ" ಅಂದೆ. "ಚೆನ್ನಾಗಿ ಓದ್ತಾಳಾ?"

"ಓದ್ತವ್ಳೆ. ಇಲ್ಲೇ ಸ್ಕೂಲ್ಗೆ ಹಾಕಿದೀವಿ."

ಹುಡುಗಿ ಶೇಂಗಾ ಪೊಟ್ಟಣ ಹಿಡಿದು ಬಂದಳು. "ಇವ್ರಿಗೆ ನಮಸ್ಕಾರ ಮಾಡು ಮಗಾ. ನಿಮ್ಮಮ್ಮನ್ನ ಕೊನೇಲಿ ನೋಡ್ಕೊಂಡೋರು" ಅಂದರು ಮುದುಕ. ಅವಳು ಬಗ್ಗಿ ಕಾಲು ಮುಟ್ಟಿದಳು. ತಲೆ ಎತ್ತಿ, ಗುರುತಿಲ್ಲದವರನ್ನು ನೋಡುವ ಹಾಗೆ, ಮರ್ಯಾದೆಯಿಂದ ನಕ್ಕಳು. ನಾನು ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಕೂದಲು. ನಿನಗೆ ನೆನಪಿದೆಯಾ ಎಂದು ಕೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏನು ನೆನಪಿರಬೇಕು, ಯಾಕೆ ನೆನಪಿರಬೇಕು?

"ನೀವೂ ಸಿ.ಎಸ್. ಪುರಕ್ಕೇನಾ?" ಅವಳೇ ಕೇಳಿದಳು.

"ಇಲ್ಲಮ್ಮ. ತುಮಕೂರಿಗೆ."

"ತುಮಕೂರ್ ಬಸ್ಸು ಈ ಕಡೆ ನಿಲ್ಸಲ್ಲ. ಅಲ್ಲಿ, ಆ ಹುಣಸೇ ಮರದ್ ಹತ್ರ ನಿಂತ್ಕೋಬೇಕು" ಎಂದು ಕೈ ತೋರಿಸಿ, ಪೊಟ್ಟಣ ಬಿಚ್ಚಿ ನನಗೊಂದು ಹಿಡಿ ಶೇಂಗಾ ಕೊಟ್ಟಳು.

ನಾನು ಅದನ್ನು ಸೆರಗಿನಲ್ಲಿ ಹಾಕಿಕೊಂಡು, ರಸ್ತೆ ದಾಟಿ, ಅವಳು ತೋರಿಸಿದ ಕಡೆ ಹೋಗಿ ನಿಂತೆ.